ಹಾಲು, ಅಂಟು, ರಾಳ: ಸುಂಕದ ಕಟ್ಟೆಯಲ್ಲಿ ಮರದ ಒಸರು

ಪೀಠಿಕೆ

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ ತಾಲೂಕಿನಲ್ಲಿ ಸಾಂಬ್ರಾಣಿ ಎಂಬ ಊರಿದೆ. ಅರಣ್ಯ ಇಲಾಖೆಯ ಒಂದು ವಲಯಕ್ಕೂ ಅದೇ ಹೆಸರು. ಸುತ್ತಲಿನ ಕಾಡು ತೇಗ, ಮತ್ತಿ, ಬಿದಿರುಗಳದು. ಧೂಪಕ್ಕೆ ಬಳಸುವ ಸಾಂಬ್ರಾಣಿ ಈ ಕಾಡಿನ ಮರದ್ದಲ್ಲ. ಅದು ಸುಮಾತ್ರಾ, ಲಾವೋಸ್, ವಿಯೆಟ್ನಾಂ ಮೊದಲಾದ ಕಡೆ ಬೆಳೆಯುವ ಸ್ಟೈರಾಕ್ಸ್ ಕುಲದ ಮರಗಳ ರಾಳ. ಊರಿಗೆ ಈ ಹೆಸರು ಬಂದ ಬಗೆ ಏನೇ ಇರಲಿ, ಆ ಹೆಸರಿನ ವಸ್ತು ಕನ್ನಡ ನಾಡಿಗೆ ಬಂದದ್ದು ಕಡಲ ದಾರಿಯಿಂದ, ಸುಂಕದ ಕಟ್ಟೆಗಳನ್ನು ದಾಟಿಕೊಂಡು. ರಬ್ಬರಿನ ಕಥೆಯೂ ಹೀಗೆಯೇ. ಬ್ರೆಜಿಲ್‌ನ ಕಾಡಿನ ಮರವೊಂದು ಪಶ್ಚಿಮ ಘಟ್ಟದ ಇಳಿಜಾರಿನಲ್ಲಿ ಬೇರು ಬಿಟ್ಟು, ಅದರ ಹಾಲು ಮತ್ತೆ ಜಗತ್ತಿನ ಮಾರುಕಟ್ಟೆಯ ಸರಕಾಯಿತು.

ಎರಡೂ ಮರದ ಒಸರುಗಳೇ. ಎರಡನ್ನೂ ಪಡೆಯುವುದು ತೊಗಟೆಗೆ ಗಾಯ ಮಾಡಿಯೇ. ಆದರೆ ಅಂತರರಾಷ್ಟ್ರೀಯ ಸುಂಕದ ಪಟ್ಟಿಯಲ್ಲಿ ಒಂದು ೧೩ನೆಯ ಅಧ್ಯಾಯದಲ್ಲಿದೆ, ಇನ್ನೊಂದು ೪೦ನೆಯ ಅಧ್ಯಾಯದಲ್ಲಿದೆ. ವಿಶ್ವ ವ್ಯಾಪಾರ ಒಪ್ಪಂದದ ದೃಷ್ಟಿಯಲ್ಲಿ ಒಂದು ಕೃಷಿ ಉತ್ಪನ್ನ, ಇನ್ನೊಂದು ಅಲ್ಲ. ಈ ವ್ಯತ್ಯಾಸ ಹೇಗೆ ಬಂದಿತು, ಜನಪದರ ವಿಂಗಡಣೆಗೂ ಸುಂಕದವರ ವಿಂಗಡಣೆಗೂ ನಡುವಿನ ಅಂತರ ಎಂಥದು, ಆ ಅಂತರದ ಫಲವನ್ನು ಉಣ್ಣುವವರು ಯಾರು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜನಪದ ವಿಂಗಡಣೆ

ಮರದಿಂದ ಒಸರುವ ದ್ರವಕ್ಕೆ ಕನ್ನಡದಲ್ಲಿ ಒಂದೇ ಹೆಸರಿಲ್ಲ. ಬೆಳ್ಳಗೆ ಹರಿಯುವುದು ಹಾಲು: ಆಲ, ಅತ್ತಿ, ಹಲಸು, ಕಳ್ಳಿ ಇವೆಲ್ಲ ಹಾಲಿರುವ ಮರಗಿಡಗಳು. ಮಾವಿನ ತೊಟ್ಟಿನಿಂದ ಜಿನುಗಿ ಮೈ ಸುಡುವುದು ಸೊನೆ. ಜಾಲಿ, ದಿಂಡಿಗಗಳಲ್ಲಿ ಗಟ್ಟಿಗೊಂಡು ನೀರಿನಲ್ಲಿ ಕರಗುವುದು ಅಂಟು ಅಥವಾ ಗೋಂದು. ನೀರಿನಲ್ಲಿ ಕರಗದೆ ಕೆಂಡದ ಮೇಲೆ ಹೊಗೆಯಾಗಿ ಪರಿಮಳ ಕೊಡುವುದು ರಾಳ ಅಥವಾ ಧೂಪ. ರಾಳಧೂಪ, ಸಾಲುಧೂಪಗಳಂತಹ ಮರಗಳಿಗೆ ಅವುಗಳ ಒಸರಿನಿಂದಲೇ ಹೆಸರು ಬಂದಿದೆ.

ಈ ವಿಂಗಡಣೆಯ ಆಧಾರ ಮೂರು: ಕಣ್ಣಿಗೆ ಕಾಣುವ ರೂಪ, ನೀರು ಮತ್ತು ಬೆಂಕಿಯೊಡನೆ ಅದರ ವರ್ತನೆ, ಮನುಷ್ಯನಿಗೆ ಅದರ ಉಪಯೋಗ. ಗಡಿಗಳು ಬಿಗಿಯಾಗಿಲ್ಲ. ಊದುಬತ್ತಿಯ ಉದ್ಯಮದಲ್ಲಿ ಬಳಕೆಯಾಗುವ ಹಾಲ್ಮಡ್ಡಿ ಇದಕ್ಕೆ ಒಳ್ಳೆಯ ನಿದರ್ಶನ. ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಐಲಾಂಥಸ್ ಜಾತಿಯ ಮರದ ಈ ರಾಳದ ಹೆಸರಿನಲ್ಲಿ ಹಾಲೂ ಇದೆ, ಮಡ್ಡಿಯೂ ಇದೆ.

ಒಂದೇ ಹೆಸರು ಹಲವು ವಸ್ತುಗಳಿಗೆ ಸಲ್ಲುವುದೂ ಉಂಟು. ಕರಾವಳಿಯಲ್ಲಿ ಸಾಂಬ್ರಾಣಿ ಗಡ್ಡೆ ಎಂಬುದು ಅಡುಗೆಯ ತರಕಾರಿ. ಮೈಸೂರು ಸೀಮೆಯ ಮಾತಿನಲ್ಲಿ ‘ಸಾಂಬ್ರಾಣಿ’ ಎಂದರೆ ಮಂದಬುದ್ಧಿಯವನಿಗೆ ಹೇಳುವ ಮೂದಲಿಕೆ. ಬಾಣಂತಿಯ ಕೋಣೆಯಲ್ಲಿ ಅದು ಕೂಸಿನ ತಲೆಗೂದಲಿಗೆ ಹಿಡಿಯುವ ಹೊಗೆ. ದರ್ಗಾಗಳಲ್ಲಿ ಅದೇ ಜಾತಿಯ ಹೊಗೆಗೆ ಲೋಬಾನ ಎಂಬ ಹೆಸರು. ಸಂದರ್ಭವೇ ಅರ್ಥವನ್ನು ನಿರ್ಣಯಿಸುತ್ತದೆಯಾದ್ದರಿಂದ ಜನರಿಗೆ ಇದರಿಂದ ಗೊಂದಲವಾಗುವುದಿಲ್ಲ. ಸುಂಕದ ಕಟ್ಟೆಯಲ್ಲಿ ಮಾತ್ರ ಸಂದರ್ಭಕ್ಕೆ ಎಡೆಯಿಲ್ಲ. ಅಲ್ಲಿ ಒಂದು ವಸ್ತುವಿಗೆ ಒಂದೇ ಸ್ಥಾನ.

ಹೆಸರುಗಳ ಪಯಣ

ಸಾಂಬ್ರಾಣಿಯ ವ್ಯಾಪಾರ ಹಳೆಯದು. ಅರಬ್ ವರ್ತಕರು ಇದನ್ನು ‘ಲುಬಾನ್ ಜಾವಿ’, ಎಂದರೆ ಜಾವಾದ ಧೂಪ, ಎಂದು ಕರೆದರು. ಅವರ ಬಳಕೆಯಲ್ಲಿ ಜಾವಾ ಎಂಬುದು ಸುಮಾತ್ರಾವನ್ನೂ ಒಳಗೊಂಡಿತ್ತು. ಯುರೋಪಿನ ನಾಲಗೆಗಳಲ್ಲಿ ಆ ಪದದ ಮೊದಲ ಅಕ್ಷರ ಕಳಚಿ ‘ಬೆಂಜುಯ್’, ‘ಬೆಂಜೊಯಿನ್’, ‘ಬೆಂಜಮಿನ್’ ಎಂಬ ರೂಪಗಳು ಹುಟ್ಟಿದವು. ೧೫೬೩ರಲ್ಲಿ ಗೋವೆಯಲ್ಲಿ ಅಚ್ಚಾದ ಗಾರ್ಸಿಯಾ ದ ಓರ್ತಾನ ಔಷಧಿ ಸಂವಾದಗಳಲ್ಲಿ ಬೆಂಜುಯ್ ಕುರಿತು ಪ್ರತ್ಯೇಕ ಸಂವಾದವೇ ಇದೆ. ಭಾರತದ ಸುಂಕದ ಪಟ್ಟಿಯಲ್ಲಿ ಇಂದಿಗೂ ‘ಬೆಂಜಮಿನ್’ ಎಂಬ ಹೆಸರಿನ ನಮೂದುಗಳು ಇಂಗಿನ ಆಸುಪಾಸಿನಲ್ಲಿಯೇ ಉಳಿದಿವೆ. ಲುಬಾನ್ ಎಂಬ ಮೊದಲ ಅರ್ಧ ಲೋಬಾನವಾಗಿ ದರ್ಗಾದಲ್ಲಿ ಉಳಿಯಿತು. ಜಾವಿ ಎಂಬ ಎರಡನೆಯ ಅರ್ಧ ಬೆಂಜಮಿನ್ ಆಗಿ ಸರ್ಕಾರದ ಪಟ್ಟಿಯನ್ನು ಸೇರಿತು.

ರಬ್ಬರಿನ ಹೆಸರುಗಳೂ ಹೀಗೆ ಕವಲೊಡೆದಿವೆ. ದಕ್ಷಿಣ ಅಮೆರಿಕದ ಮೂಲನಿವಾಸಿಗಳ ಪದವೊಂದು ಫ್ರೆಂಚ್ ಮೂಲಕ ‘ಕೂಚುಕ್’ ಆಗಿ ಇಂಗ್ಲಿಷ್ ಕಾನೂನುಗಳನ್ನು ಹೊಕ್ಕಿತು. ಅಸ್ಸಾಮಿನ ಅತ್ತಿಯ ಕುಲದ ಮರದ ಹಾಲಿನಿಂದಲೂ ಹತ್ತೊಂಬತ್ತನೆಯ ಶತಮಾನದಲ್ಲಿ ರಬ್ಬರ್ ತೆಗೆಯಲಾಗುತ್ತಿತ್ತು. ೧೮೭೬ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಬ್ರೆಜಿಲ್‌ನಿಂದ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಸುಮಾರು ೭೦,೦೦೦ ಹೆವಿಯಾ ಬೀಜಗಳನ್ನು ಸಾಗಿಸಿದ ಮೇಲೆ ಚಿತ್ರ ಬದಲಾಯಿತು. ಅವುಗಳಿಂದ ಬಂದ ಸಸಿಗಳು ಸಿಂಹಳ, ಮಲಯಗಳನ್ನು ತಲಪಿದವು. ೧೯೦೨ರಲ್ಲಿ ಕೇರಳದ ತಟ್ಟೇಕಾಡಿನಲ್ಲಿ ಭಾರತದ ಮೊದಲ ವಾಣಿಜ್ಯ ತೋಟ ಆರಂಭವಾಯಿತು.

ಇದೇ ಕಾಲಘಟ್ಟದಲ್ಲಿ ಪಶ್ಚಿಮ ಘಟ್ಟದ ಸ್ವಂತ ಮರವೊಂದು ವಸಾಹತು ಆಡಳಿತದ ಗಮನ ಸೆಳೆದಿತ್ತು. ಸಮುದ್ರದಡಿಯ ತಂತಿಗಳಿಗೆ ಹೊದಿಕೆಯಾಗಿ ಮಲಯದ ಗಟ್ಟಾಪರ್ಚಕ್ಕೆ ಅಪಾರ ಬೇಡಿಕೆ ಇದ್ದ ದಿನಗಳವು. ಮದರಾಸಿನ ಅರಣ್ಯ ಸಂರಕ್ಷಣಾಧಿಕಾರಿಯಾಗಿದ್ದ ಹ್ಯೂ ಕ್ಲೆಗಾರ್ನ್ ಮಲಬಾರಿನ ಕಡೆ ಪಾಂಚೋಂಟಿ ಎನ್ನಲಾಗುತ್ತಿದ್ದ ಹಾಲುಮರದ ಕುರಿತು ೧೮೫೮ರಲ್ಲಿ ಟಿಪ್ಪಣಿ ಬರೆದು, ಅದನ್ನು ಗಟ್ಟಾಪರ್ಚದ ಭಾರತೀಯ ರೂಪವೆಂದು ಪರಿಗಣಿಸಿದನು. ೧೮೬೨ರವರೆಗೆ ಉತ್ತರ ಕನ್ನಡವೂ ಮದರಾಸಿನ ಆಡಳಿತದಲ್ಲಿದ್ದು, ಅದರ ಕಾಡುಗಳೂ ಅವನ ಇಲಾಖೆಯ ವ್ಯಾಪ್ತಿಯಲ್ಲಿದ್ದವು. ಆ ಮರ ಗಟ್ಟಾಪರ್ಚದ ಸ್ಥಾನಕ್ಕೆ ಏರಲಿಲ್ಲ. ಆದರೆ ಕಾಡಿನವರು ‘ಹಾಲು’ ಎಂದಷ್ಟೇ ಕರೆದದ್ದನ್ನು ಆಡಳಿತವು ಸರಕಾಗುವ ಹಾಲು, ಸರಕಾಗದ ಹಾಲು ಎಂದು ಎರಡಾಗಿ ನೋಡತೊಡಗಿತು ಎಂಬುದಕ್ಕೆ ಈ ಪ್ರಸಂಗ ಸಾಕ್ಷಿ.

ಹೇರಿನ ಸುಂಕದಿಂದ ಅಂಕಿಯ ಸುಂಕಕ್ಕೆ

ಕನ್ನಡ ನಾಡಿನ ಶಾಸನಗಳಲ್ಲಿ ಸುಂಕದ ಪರಿಭಾಷೆ ಸಮೃದ್ಧವಾಗಿದೆ. ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮೊದಲಾದ ಹೆಸರುಗಳು ಕಲ್ಯಾಣ ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ ಮರಳಿ ಮರಳಿ ಬರುತ್ತವೆ. ಅಯ್ಯಾವೊಳೆಯ ಐನೂರ್ವರಂತಹ ವರ್ತಕ ಸಂಘಗಳು ಸರಕಿನ ಹೇರಿಗೆ ಇಷ್ಟೆಂದು ದೇವಾಲಯಗಳಿಗೆ ಆಯ ಬಿಟ್ಟುಕೊಟ್ಟದ್ದುಂಟು. ಅಲ್ಲಿ ಮುಖ್ಯವಾದ ಪ್ರಶ್ನೆ ಎಷ್ಟು ಹೇರು, ಯಾವ ದಾರಿ ಎಂಬುದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಬಂಕೇಶ್ವರಲಿಂಗ ಅಂಕಿತದ ಸುಂಕದ ಬಂಕಣ್ಣನಿದ್ದಾನೆ. ಸುಂಕ ವಸೂಲಿ ಕಾಯಕವೂ ಆಗಬಹುದು ಎಂಬುದಕ್ಕೆ ಅವನ ಹೆಸರೇ ನಿದರ್ಶನ. ಬೆಂಗಳೂರಿನ ಸುಂಕದಕಟ್ಟೆಯಂತಹ ಸ್ಥಳನಾಮಗಳಲ್ಲಿ ಆ ವ್ಯವಸ್ಥೆಯ ನೆನಪು ಉಳಿದಿದೆ. ಆದರೆ ಜನಪದರ ಅನುಭವದ ಸಾರ ಒಂದು ಗಾದೆಯಲ್ಲಿದೆ: ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ.’ ಸರಕು ಎಷ್ಟೆಂದಷ್ಟೇ ಅವನು ಕೇಳುತ್ತಾನೆ. ಹೊತ್ತವನ ಪಾಡು ಅವನ ಲೆಕ್ಕದಲ್ಲಿ ಇಲ್ಲ.

ಆಧುನಿಕ ಸುಂಕ ವ್ಯವಸ್ಥೆ ಈ ಪ್ರಶ್ನೆಯನ್ನೇ ಬದಲಿಸಿತು. ‘ಎಷ್ಟು’ ಎಂಬುದಕ್ಕಿಂತ ಮೊದಲು ‘ಏನು’ ಎಂಬುದು ತೀರ್ಮಾನವಾಗಬೇಕು. ೧೯೩೦ರ ದಶಕದಲ್ಲಿ ರಾಷ್ಟ್ರಸಂಘದ ಆಶ್ರಯದಲ್ಲಿ ಜಿನೀವಾ ನಾಮಾವಳಿ ಸಿದ್ಧವಾಯಿತು. ೧೯೫೦ರ ಒಪ್ಪಂದದಂತೆ ರೂಪುಗೊಂಡ ಬ್ರಸೆಲ್ಸ್ ನಾಮಾವಳಿ ೧೯೫೯ರಲ್ಲಿ ಜಾರಿಗೆ ಬಂದಿತು. ೧೯೮೩ರ ಜೂನ್ ೧೪ರಂದು ಬ್ರಸೆಲ್ಸ್‌ನಲ್ಲಿ ಅಂಗೀಕೃತವಾದ ಸಮನ್ವಿತ ಪದ್ಧತಿ, ಎಂದರೆ ಹಾರ್ಮೊನೈಸ್ಡ್ ಸಿಸ್ಟಮ್, ೧೯೮೮ರ ಜನವರಿ ೧ರಿಂದ ಜಗತ್ತಿನ ಸರಕುಗಳಿಗೆ ಆರು ಅಂಕಿಗಳ ಸಂಕೇತ ಕೊಟ್ಟಿತು. ಭಾರತ ಇದಕ್ಕೂ ಮುಂಚೆ, ೧೯೮೬ರಲ್ಲಿಯೇ, ತನ್ನ ೧೯೭೫ರ ಸುಂಕ ಕಾಯಿದೆಯ ಪಟ್ಟಿಯನ್ನು ಈ ಕ್ರಮಕ್ಕೆ ಹೊಂದಿಸಿಕೊಂಡು, ೨೦೦೩ರಲ್ಲಿ ಎಂಟು ಅಂಕಿಗಳಿಗೆ ವಿಸ್ತರಿಸಿತು. ೨೦೧೭ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದ ಮೇಲೆ ಬಂದರಿನ ಈ ಅಂಕಿಗಳು ಒಳನಾಡಿನ ವ್ಯಾಪಾರದ ಲೆಕ್ಕಪತ್ರಗಳಿಗೂ ಬಂದವು.

ಈ ಪಟ್ಟಿಯಲ್ಲಿ ಅರಗು, ಅಂಟು, ರಾಳಗಳಿಗೆ ೧೩೦೧ನೆಯ ಶೀರ್ಷಿಕೆ, ಸಾಂಬ್ರಾಣಿ ಅಲ್ಲಿದೆ. ಅದನ್ನೇ ಇತರ ದ್ರವ್ಯಗಳೊಡನೆ ಬೆರೆಸಿ ಊದುಬತ್ತಿಯಾಗಿಸಿದರೆ ೩೩೦೭ಕ್ಕೆ ಹೋಗುತ್ತದೆ. ಸಸ್ಯರಸಗಳಿಗೆ ೧೩೦೨, ಪಪ್ಪಾಯಿಯ ಹಾಲು ಅಲ್ಲಿ ಸೇರುತ್ತದೆ. ರಬ್ಬರಿನ ಹಾಲಿಗೆ ಮಾತ್ರ ೪೦೦೧. ಅದರೊಳಗೆ ದ್ರವರೂಪದ ಲೇಟೆಕ್ಸ್ ೪೦೦೧.೧೦, ಹೊಗೆಯಾಡಿಸಿದ ಹಾಳೆ ೪೦೦೧.೨೧, ತಾಂತ್ರಿಕ ಮಾನದಂಡದ ರಬ್ಬರ್ ೪೦೦೧.೨೨, ಇತರ ರೂಪಗಳು ೪೦೦೧.೨೯. ಗಟ್ಟಾಪರ್ಚ, ಬಲಾಟಾ, ಚೂಯಿಂಗ್ ಗಮ್ಮಿಗೆ ಮೂಲವಾದ ಚಿಕಲ್ ಮೊದಲಾದವು ೪೦೦೧.೩೦ರಲ್ಲಿವೆ. ಜನಪದರ ‘ಹಾಲು’ ಎಂಬ ಒಂದು ವರ್ಗ ಇಲ್ಲಿ ಬೇರೆಬೇರೆ ಅಧ್ಯಾಯಗಳಲ್ಲಿ ಚದುರಿಹೋಯಿತು. ಜಗಿಯುವ ಚಿಕಲ್ ಮತ್ತು ಗಾಡಿಯ ಗಾಲಿಗೆ ಬಳಸುವ ರಬ್ಬರ್ ಒಂದೇ ಮನೆಯವಾದವು.

ಕೃಷಿಯೋ ಕೈಗಾರಿಕೆಯೋ

ಸಂಕೇತದ ಅಂಕಿ ತಾನಾಗಿ ಯಾರಿಗೂ ಲಾಭನಷ್ಟ ತರುವುದಿಲ್ಲ. ಆ ಅಂಕಿಯನ್ನು ಇನ್ನೊಂದು ಒಪ್ಪಂದ ಆಧಾರವಾಗಿ ಹಿಡಿದಾಗ ಅದಕ್ಕೆ ಬಲ ಬರುತ್ತದೆ. ೧೯೯೫ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯೊಡನೆ ಜಾರಿಗೆ ಬಂದ ಕೃಷಿ ಒಪ್ಪಂದವು ಕೃಷಿ ಉತ್ಪನ್ನ ಎಂದರೇನು ಎಂಬುದನ್ನು ಬೇಸಾಯದಿಂದ ನಿರ್ಣಯಿಸಲಿಲ್ಲ, ಸಮನ್ವಿತ ಪದ್ಧತಿಯ ಅಂಕಿಗಳಿಂದ ನಿರ್ಣಯಿಸಿತು. ಮೀನು ಮತ್ತು ಮೀನಿನ ಉತ್ಪನ್ನಗಳನ್ನು ಬಿಟ್ಟು ೧ರಿಂದ ೨೪ನೆಯ ಅಧ್ಯಾಯಗಳು, ಜೊತೆಗೆ ಹೆಸರಿಸಿದ ಕೆಲವು ಶೀರ್ಷಿಕೆಗಳು ಅದರ ವ್ಯಾಪ್ತಿಗೆ ಬಂದವು. ಹೀಗೆ ಹೆಸರಿಸಿದವುಗಳಲ್ಲಿ ಕಚ್ಚಾ ಹತ್ತಿ, ಕಚ್ಚಾ ರೇಷ್ಮೆ, ಉಣ್ಣೆ, ಹಸಿ ತೊಗಲುಗಳಿವೆ, ೪೦೦೧ ಇಲ್ಲ.

ಇದರ ಪರಿಣಾಮ ವಿಚಿತ್ರವಾಗಿದೆ. ಕಾಡಿನ ಮರದಿಂದ ಕೆರೆದು ತಂದ ಸಾಂಬ್ರಾಣಿ ೧೩ನೆಯ ಅಧ್ಯಾಯದ ಬಲದಿಂದ ಕೃಷಿ ಉತ್ಪನ್ನ. ಸಸಿ ನೆಟ್ಟು, ಗೊಬ್ಬರ ಹಾಕಿ, ಏಳು ವರ್ಷದಷ್ಟು ಕಾಲ ಕಾದು ಬೆಳೆಗಾರ ಪಡೆಯುವ ರಬ್ಬರ್ ಕೃಷಿ ಉತ್ಪನ್ನವಲ್ಲ. ರಬ್ಬರ್ ತನ್ನ ಉತ್ಪನ್ನಗಳೊಡನೆ ಒಂದೇ ಅಧ್ಯಾಯದಲ್ಲಿರುವುದೇ ಇದಕ್ಕೆ ಕಾರಣ ಎನ್ನುವಂತಿಲ್ಲ. ಹತ್ತಿಯೂ ತನ್ನ ಬಟ್ಟೆಯೊಡನೆ ೫೨ನೆಯ ಅಧ್ಯಾಯದಲ್ಲಿಯೇ ಇದೆ. ಹತ್ತಿಯನ್ನು ಹೆಸರಿಟ್ಟು ಕರೆದರು, ರಬ್ಬರನ್ನು ಕರೆಯಲಿಲ್ಲ ಎಂಬುದಷ್ಟೇ ವ್ಯತ್ಯಾಸ. ವಿಶ್ವಸಂಸ್ಥೆಯ ವ್ಯಾಪಾರ ಅಂಕಿಅಂಶಗಳ ಪ್ರಮಾಣಿತ ವರ್ಗೀಕರಣದಲ್ಲಿ ಇದೇ ರಬ್ಬರ್ ಕಚ್ಚಾ ಸಾಮಗ್ರಿಗಳ ವಿಭಾಗದಲ್ಲಿದೆ. ಆದ್ದರಿಂದ ವರ್ಗೀಕರಣವು ವಸ್ತುವಿನ ಸ್ವಭಾವದಿಂದ ತಾನಾಗಿ ಒದಗುವುದಿಲ್ಲ, ಸಂಧಾನದ ಮೇಜಿನಲ್ಲಿ ತೀರ್ಮಾನವಾಗುತ್ತದೆ ಎಂಬುದು ಸ್ಪಷ್ಟ.

ಭಾರತ ಒಪ್ಪಿಕೊಂಡ ಗರಿಷ್ಠ ಸುಂಕದಲ್ಲಿಯೂ ಒಂದೇ ಹಾಲು ಎರಡು ದರ ಪಡೆಯಿತು. ಲೇಟೆಕ್ಸಿಗೆ ಶೇ. ೭೦, ಒಣ ರಬ್ಬರಿಗೆ ಶೇ. ೨೫. ಸಾಮಾನ್ಯ ಬೆಳೆಗಾರ ಮಾರುವುದು ಹೆಚ್ಚಾಗಿ ಹಾಳೆಯನ್ನು. ಎಂದರೆ ಕಡಿಮೆ ರಕ್ಷಣೆಯ ರೂಪವನ್ನು. ಬೆಲೆ ಕುಸಿದಿದ್ದ ೨೦೧೫ರ ಏಪ್ರಿಲ್‌ನಲ್ಲಿ ಒಣ ರಬ್ಬರಿನ ಸುಂಕವನ್ನು ಶೇ. ೨೦ರಿಂದ ಶೇ. ೨೫ ಅಥವಾ ಕಿಲೋಗೆ ೩೦ ರೂಪಾಯಿ, ಇವುಗಳಲ್ಲಿ ಯಾವುದು ಕಡಿಮೆಯೋ ಅದಕ್ಕೆ ಏರಿಸಲಾಯಿತು. ಶೇಕಡಾ ಲೆಕ್ಕದಲ್ಲಿ ಅದಕ್ಕಿಂತ ಮೇಲೆ ಹೋಗಲು ಒಪ್ಪಂದದಲ್ಲಿ ಅವಕಾಶವಿರಲಿಲ್ಲ.

ಬೆರಕೆಯ ಪ್ರಶ್ನೆ

ವರ್ಗೀಕರಣದ ಗಡಿ ಎಲ್ಲಿದೆಯೋ ಅಲ್ಲಿ ಅದನ್ನು ದಾಟುವ ದಾರಿಯೂ ಇರುತ್ತದೆ. ೪೦ನೆಯ ಅಧ್ಯಾಯದ ಐದನೆಯ ಟಿಪ್ಪಣಿಯ ಪ್ರಕಾರ ಗಂಧಕದಂತಹ ಹದಗೊಳಿಸುವ ದ್ರವ್ಯ, ಗುರುತಿಗಲ್ಲದ ಬಣ್ಣ, ಬಲ ಕೊಡುವ ಪುಡಿ ಇವುಗಳಲ್ಲಿ ಯಾವುದನ್ನಾದರೂ ಬೆರೆಸಿದ ರಬ್ಬರ್ ೪೦೦೧ರಲ್ಲಿ ಉಳಿಯುವುದಿಲ್ಲ. ಕಾರ್ಬನ್ ಬ್ಲ್ಯಾಕ್ ಸೇರಿಸಿದರೆ ಅದು ೪೦೦೫ನೆಯ ಶೀರ್ಷಿಕೆಯ ಮಿಶ್ರ ರಬ್ಬರ್. ೨೦೧೦ರ ಜನವರಿಯಲ್ಲಿ ಜಾರಿಗೆ ಬಂದ ಆಸಿಯಾನ್ ಒಪ್ಪಂದದಲ್ಲಿ ಭಾರತವು ನೈಸರ್ಗಿಕ ರಬ್ಬರನ್ನು ರಿಯಾಯಿತಿಯಿಂದ ಹೊರಗಿಟ್ಟಿತು. ಆದರೆ ಮಿಶ್ರ ರಬ್ಬರಿನ ಮೇಲಿನ ಸುಂಕ ಅದಕ್ಕಿಂತ ಬಹಳ ಕಡಿಮೆ ಇತ್ತು. ಹೀಗಾಗಿ ಬಹುಪಾಲು ನೈಸರ್ಗಿಕ ರಬ್ಬರೇ ಆಗಿರುವ ಸರಕು ಬೇರೆ ಹೆಸರಿನಲ್ಲಿ ಬರುತ್ತಿದೆ ಎಂಬ ದೂರು ಬೆಳೆಗಾರರಿಂದ ಕೇಳಿಬಂದಿತು. ೨೦೨೩ರ ಫೆಬ್ರವರಿಯ ಮುಂಗಡಪತ್ರದಲ್ಲಿ ಮಿಶ್ರ ರಬ್ಬರಿನ ಮೂಲ ಸುಂಕವನ್ನು ಶೇ. ೧೦ರಿಂದ ಶೇ. ೨೫ ಅಥವಾ ಕಿಲೋಗೆ ೩೦ ರೂಪಾಯಿ, ಇವುಗಳಲ್ಲಿ ಕಡಿಮೆಯಾದದ್ದಕ್ಕೆ ಏರಿಸಿ ನೈಸರ್ಗಿಕ ರಬ್ಬರಿಗೆ ಸಮ ಮಾಡಲಾಯಿತು. ಚೀನಾ ಇದೇ ಸಮಸ್ಯೆಯನ್ನು ಬೇರೊಂದು ಬಗೆಯಿಂದ ಎದುರಿಸಿತು. ಅಲ್ಲಿ ೨೦೧೫ರ ಜುಲೈಯಿಂದ ಮಿಶ್ರ ರಬ್ಬರಿನಲ್ಲಿ ಕಚ್ಚಾ ರಬ್ಬರ್ ಶೇ. ೮೮ನ್ನು ಮೀರಬಾರದು ಎಂಬ ಮಾನದಂಡ ಬಂದಿತು. ಹಾಲಿಗೆ ನೀರು ಬೆರೆಸಿದರೆ ಎಲ್ಲಿಯವರೆಗೆ ಹಾಲು ಎಂಬ ಹಳೆಯ ಪ್ರಶ್ನೆ ಇಲ್ಲಿ ಶೇಕಡಾ ಲೆಕ್ಕವಾಗಿ ಮರಳಿದೆ.

ಒಳನಾಡಿನ ಕಾನೂನು ಮತ್ತು ‘ಕೂಚುಕ್’

ದೇಶದೊಳಗೂ ರಬ್ಬರಿಗೆ ಒಂದೇ ಗುರುತಿಲ್ಲ. ೧೯೪೭ರ ರಬ್ಬರ್ ಕಾಯಿದೆಯಡಿ ಅದು ಕೇಂದ್ರ ವಾಣಿಜ್ಯ ಸಚಿವಾಲಯಕ್ಕೆ ಸೇರಿದ ಮಂಡಳಿಯೊಂದರ ಆಡಳಿತಕ್ಕೊಳಪಟ್ಟ ತೋಟದ ಬೆಳೆ. ಆದರೆ ೧೯೨೭ರ ಭಾರತೀಯ ಅರಣ್ಯ ಕಾಯಿದೆ ‘ಅರಣ್ಯ ಉತ್ಪನ್ನ’ವನ್ನು ವಿವರಿಸುವಾಗ ಇದ್ದಿಲು, ಕಾಚು, ರಾಳ, ಅರಗುಗಳ ಸಾಲಿನಲ್ಲಿ ಕೂಚುಕ್‌ನ್ನೂ ಹೆಸರಿಸುತ್ತದೆ, ಈ ಸಾಲಿನ ವಸ್ತುಗಳು ಕಾಡಿನಲ್ಲಿ ಸಿಕ್ಕಿರಲಿ, ಸಿಗದಿರಲಿ, ಅರಣ್ಯ ಉತ್ಪನ್ನಗಳೇ. ೧೯೬೩ರ ಕರ್ನಾಟಕ ಅರಣ್ಯ ಕಾಯಿದೆಯ ವ್ಯಾಖ್ಯೆಯೂ ಇದೇ ಪರಂಪರೆಯದು.

ಈ ಒಂದು ಪದದ ಮೇಲೆ ಕರ್ನಾಟಕದಲ್ಲಿ ದೀರ್ಘ ವ್ಯಾಜ್ಯ ನಡೆಯಿತು. ೧೯೬೪ರ ಅಕ್ಟೋಬರ್‌ನ ಸಿರಿಮಾವೋ–ಶಾಸ್ತ್ರಿ ಒಪ್ಪಂದದಂತೆ ಸಿಂಹಳದಿಂದ ಮರಳಿದ ತಮಿಳು ಮಾತೃಭಾಷೆಯ ತೋಟ ಕಾರ್ಮಿಕರಲ್ಲಿ ಹಲವರಿಗೆ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಭಾಗದ ಸರ್ಕಾರಿ ರಬ್ಬರ್ ತೋಟಗಳಲ್ಲಿ ನೆಲೆ ಕಲ್ಪಿಸಲಾಯಿತು. ೧೯೭೧ರಲ್ಲಿ ಸ್ಥಾಪನೆಯಾದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮ ಮುಂದೆ ಈ ತೋಟಗಳನ್ನು ನಿರ್ವಹಿಸಿತು. ನಿಗಮ ಮಾರುವ ರಬ್ಬರಿನ ಮೇಲೆ ಅರಣ್ಯ ಅಭಿವೃದ್ಧಿ ತೆರಿಗೆ ಸಲ್ಲುತ್ತದೆಯೇ ಎಂಬ ಪ್ರಶ್ನೆ ೧೯೯೪ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಕಾಯಿದೆಯ ಕೂಚುಕ್ ಎಂಬುದು ರಬ್ಬರೇ, ಹಾಲನ್ನು ಹೆಪ್ಪುಗಟ್ಟಿಸಿ ಹಾಳೆ ಮಾಡಿದ ಮಾತ್ರಕ್ಕೆ ಅದು ಅರಣ್ಯ ಉತ್ಪನ್ನವಲ್ಲದಾಗದು ಎಂಬುದು ನ್ಯಾಯಾಲಯ ತಳೆದ ನಿಲುವು. ಎರಡು ವರ್ಷಗಳ ಬಳಿಕ, ೧೯೯೬ರಲ್ಲಿ, ಅದೇ ನ್ಯಾಯಾಲಯ ಇನ್ನೊಂದು ಪ್ರಕರಣದಲ್ಲಿ ಬಿದಿರಿನ ಚಾಪೆ ಅರಣ್ಯ ಉತ್ಪನ್ನವಲ್ಲ ಎಂದಿತು. ಮನುಷ್ಯನ ದುಡಿಮೆ ವಸ್ತುವನ್ನು ಎಷ್ಟರಮಟ್ಟಿಗೆ ಬೇರೆ ವಸ್ತುವಾಗಿಸುತ್ತದೆ ಎಂಬುದೇ ಎರಡೂ ಕಡೆಯ ಪ್ರಶ್ನೆ. ನೇಯ್ಗೆ ಬಿದಿರನ್ನು ಕಾಡಿನಿಂದ ಬಿಡಿಸಿತು. ಹಾಳೆ ಮಾಡುವ ಕೆಲಸ ರಬ್ಬರನ್ನು ಬಿಡಿಸಲಿಲ್ಲ.

ಹೀಗೆ ಒಂದೇ ಮರದ ಹಾಲು ರಾಜ್ಯದ ಕಾನೂನಿನಲ್ಲಿ ಕಾಡಿನ ಉತ್ಪನ್ನ, ಕೇಂದ್ರದ ಕಾಯಿದೆಯಲ್ಲಿ ತೋಟದ ಬೆಳೆ, ವಿಶ್ವ ವ್ಯಾಪಾರದ ಒಪ್ಪಂದದಲ್ಲಿ ಕೈಗಾರಿಕಾ ಸರಕು. ತೆರಿಗೆ ಎತ್ತುವಲ್ಲಿ ಕಾಡಿನದೆನಿಸಿಕೊಂಡದ್ದು, ರಕ್ಷಣೆ ಬೇಡುವಲ್ಲಿ ನೆಲದ್ದೂ ಎನಿಸಿಕೊಳ್ಳಲಿಲ್ಲ.

ವಸ್ತುವಿನ ವರ್ಗ, ಮನುಷ್ಯರ ವರ್ಗ

ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡಗಳ ಕಾಡಿನಂಚಿನ ಬದುಕಿಗೆ ಈ ವಿಷಯ ದೂರದ್ದಲ್ಲ. ಅಲ್ಲಿನ ಬಿದಿರು ಬಹುಕಾಲ ಕಾನೂನಿನ ಕಣ್ಣಿನಲ್ಲಿ ‘ಮರ’ವಾಗಿತ್ತು. ೨೦೦೬ರ ಅರಣ್ಯ ಹಕ್ಕು ಕಾಯಿದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನಗಳಲ್ಲಿ ಸೇರಿಸಿತು. ೧೯೨೭ರ ಕಾಯಿದೆಯ ಮರದ ವ್ಯಾಖ್ಯೆಯಿಂದ ಅದನ್ನು ತೆಗೆದದ್ದು ೨೦೧೭ರಲ್ಲಿ. ಬಿದಿರು ಹುಲ್ಲಿನ ಜಾತಿಯದೆಂಬುದನ್ನು ಸಸ್ಯಶಾಸ್ತ್ರ ಬಹಳ ಹಿಂದೆಯೇ ತಿಳಿಸಿತ್ತು. ಕಾನೂನು ಅದನ್ನು ಒಪ್ಪುವವರೆಗೆ ಕಡಿದವನು ಅಪರಾಧಿಯಾಗಬಹುದಿತ್ತು.

ಮನುಷ್ಯರೂ ಇಂತಹ ಪಟ್ಟಿಗಳಿಗೆ ಒಳಪಟ್ಟವರೇ. ಆಫ್ರಿಕಾ ಮೂಲದ ಸಿದ್ದಿಗಳು ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಮೂರು ಮತಗಳಲ್ಲಿ ಹಂಚಿಹೋಗಿ ಈ ತಾಲೂಕುಗಳಲ್ಲಿ ತಲೆಮಾರುಗಳಿಂದ ಬದುಕಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು ೨೦೦೩ರಲ್ಲಿ. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳು ೨೦೨೦ರಲ್ಲಿ. ಅರಣ್ಯ ಹಕ್ಕು ಕಾಯಿದೆಯಡಿ ಪರಿಶಿಷ್ಟ ಪಂಗಡದವರಲ್ಲದವರು ಮೂರು ತಲೆಮಾರಿನ, ಎಂದರೆ ಎಪ್ಪತ್ತೈದು ವರ್ಷಗಳ, ವಾಸವನ್ನು ಸಾಬೀತುಪಡಿಸಬೇಕು. ಆದ್ದರಿಂದ ಒಂದೇ ಕಾಡಿನ ಎರಡು ಅಂಚುಗಳಲ್ಲಿದ್ದ ಒಂದೇ ಜನಾಂಗಕ್ಕೆ ಜಿಲ್ಲೆಯ ಗಡಿಯೇ ಬೇರೆಬೇರೆ ಹಕ್ಕನ್ನು ನಿಗದಿಮಾಡಿತ್ತು. ಸರಕಿಗೆ ಶೀರ್ಷಿಕೆ ಹೇಗೋ ಸಮುದಾಯಕ್ಕೆ ಪಟ್ಟಿ ಹಾಗೆ: ಪಟ್ಟಿಯಲ್ಲಿ ಹೆಸರಿದ್ದವರಿಗೆ ಬಾಗಿಲು ತೆರೆಯುತ್ತದೆ, ಹೆಸರು ಬಿಟ್ಟುಹೋದವರು ಪುರಾವೆ ಹುಡುಕಬೇಕು.

ಸಮಾರೋಪ

ಜನಪದ ವರ್ಗೀಕರಣ ಶಿಥಿಲ, ಸುಂಕದ ವರ್ಗೀಕರಣ ಶಾಸ್ತ್ರೀಯ ಎಂಬ ಭಾವನೆ ಸಾಮಾನ್ಯವಾಗಿದೆ. ಮೇಲಿನ ಪರಿಶೀಲನೆ ಅದನ್ನು ಪೂರ್ತಿಯಾಗಿ ಸಮರ್ಥಿಸುವುದಿಲ್ಲ. ಹಾಲು, ಅಂಟು, ರಾಳ ಎಂಬ ವಿಂಗಡಣೆಗೆ ಬೆಂಕಿ ನೀರುಗಳ ಪರೀಕ್ಷೆಯ ಬಲವಿದೆ. ಜಗತ್ತಿನ ಯಾವ ಬಂದರಿನಲ್ಲಾದರೂ ಒಂದು ವಸ್ತುವನ್ನು ಒಂದೇ ಅಂಕಿಯಿಂದ ಗುರುತಿಸಬಲ್ಲ ಸಮನ್ವಿತ ಪದ್ಧತಿಯ ಪ್ರಯೋಜನವೂ ನಿರ್ವಿವಾದ. ತೊಡಕಿರುವುದು ಆ ಅಂಕಿಗಳ ಮೇಲೆ ಹಕ್ಕು ಮತ್ತು ರಕ್ಷಣೆಗಳನ್ನು ಕಟ್ಟುವ ಕ್ರಮದಲ್ಲಿ. ಅಂಕಿ ವಸ್ತುವನ್ನು ಗುರುತಿಸುತ್ತದೆ. ಅದನ್ನು ಬೆಳೆದವರನ್ನು, ನಸುಕಿನಲ್ಲಿ ಎದ್ದು ತೊಗಟೆ ಕೆತ್ತುವವರನ್ನು ಗುರುತಿಸುವುದಿಲ್ಲ.

ಈ ನಿಟ್ಟಿನಲ್ಲಿ ಜಾನಪದ ಅಧ್ಯಯನಕ್ಕೆ ಮಾಡಬೇಕಾದ ಕೆಲಸವಿದೆ. ಘಟ್ಟದ ಧೂಪ, ಮಡ್ಡಿ, ಅಂಟುಗಳ ಸಂಗ್ರಾಹಕರ ಪದಸಂಪತ್ತು, ಸುಳ್ಯ ಪುತ್ತೂರುಗಳ ರಬ್ಬರ್ ತೋಟಗಳಲ್ಲಿ ಕನ್ನಡ, ತುಳು, ಮಲಯಾಳ, ತಮಿಳುಗಳು ಕಲೆತು ಬೆಳೆದಿರುವ ಕೆಲಸದ ಮಾತು ಇವುಗಳ ವ್ಯವಸ್ಥಿತ ಸಂಗ್ರಹ ಆಗಬೇಕು. ಕೂಚುಕ್ ಎಂಬ ಒಂದು ಪದದ ಅರ್ಥಕ್ಕಾಗಿ ದೇಶದ ಅತ್ಯುನ್ನತ ನ್ಯಾಯಾಲ­ಯದವರೆಗೆ ಹೋಗಬೇಕಾಯಿತೆಂದರೆ, ದುಡಿಯುವವರು ತಮ್ಮ ವಸ್ತುವನ್ನು ಏನೆಂದು ಕರೆಯುತ್ತಾರೆ ಎಂಬುದರ ದಾಖಲೆಗೆ ನಿಘಂಟಿನ ಆಚೆಗೂ ಬೆಲೆಯಿದೆ. ಮುಂದಿನ ಒಪ್ಪಂದಗಳಲ್ಲಿ ರಬ್ಬರ್ ಬೆಳೆಯೋ ಸರಕೋ ಎಂಬ ಪ್ರಶ್ನೆ ಮತ್ತೆ ಎದ್ದಾಗ ಆ ದಾಖಲೆ ಸಾಕ್ಷ್ಯವಾಗಿ ನಿಲ್ಲಬಲ್ಲದು.